ನವಾಬ್ ಗಾಡಿಗೆ ಡೀಜಲ್ ಇಂಜಿನ್

ಆ ಮಳೆಗಾಲ ಬೀದರದ ಗಾಂಧಿ ಗಂಜ್ ಪೇಟೆಯಲ್ಲಿ ತೊಗರಿಯ ಧಾರಣೆಗಿಂತ ಹೆಚ್ಚು ಮಾತಾಗಿದ್ದು ಮನ್ಮಥಪ್ಪನ ಕಾರಿನ ಇಂಜಿನ್ನಿನ ಬಗ್ಗೆ. ಬೀದರ ಜಿಲ್ಲೆ ಹೈದರಾಬಾದಿನ ಕೈಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಕಚೇರಿಗಳ ಮೇಲಿನ ಉರ್ದು ಬೋರ್ಡು ಇಳಿಸಿ ಕನ್ನಡ ಬೋರ್ಡು ಏರಿಸುತ್ತಿದ್ದರು, ಸಾಹೇಬರು ಬದಲಾಗಿದ್ದರು, ಹೊಸ ಸಾಹೇಬರ ಕನ್ನಡ ಅರ್ಧ ಊರಿಗೆ ತಿಳಿಯುತ್ತಿರಲಿಲ್ಲ. ಅದನ್ನೆಲ್ಲ ಬಿಟ್ಟು ಜನ ಮನ್ಮಥಪ್ಪನ ಕಾಳಿನ ದಲಾಲಿಯ ಅಡತಿ ಅಂಗಡಿಯ ಗಾದಿ ಮೇಲೆ ಕೂತು, ಪೆಟ್ರೋಲ್ ಮೇಲೋ ಡೀಜಲ್ ಮೇಲೋ ಎಂದು ಗಂಟಲು ಹರಿದುಕೊಳ್ಳುತ್ತಿದ್ದರು. ಕಾರು ತಮ್ಮದಲ್ಲ, ಎಣ್ಣೆ ಹಾಕಿಸುವವರೂ ತಾವಲ್ಲ. ಅದಕ್ಕೇ ಎಲ್ಲರ ಅಭಿಪ್ರಾಯವೂ ಬಲು ಗಟ್ಟಿಯಾಗಿತ್ತು.

ಅಂಗಡಿ ಮುಂದೆ, ಮನೆ ಹಿಂದೆ. ನಡುವಿನ ಬಾಗಿಲ ಪರದೆಯ ಆಚೆ ಚಹದ ತಟ್ಟೆ ಹಿಡಿದು ನಿಂತ ರುಕ್ಮಿಣಿಬಾಯಿಗೆ ಆ ವಾದವೆಲ್ಲ ಬಾಯಿಪಾಠವಾಗಿತ್ತು. ಅವಳು ಮನ್ಮಥಪ್ಪನ ಹೆಂಡತಿ. ಆ ವಾದದಲ್ಲಿ ಎಲ್ಲರಿಗಿಂತ ಹೆಚ್ಚು ಕಳೆದುಕೊಳ್ಳುವವಳು ಅವಳೇ. ಅವಳನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಕಾರೇನು ಸಾಮಾನ್ಯದ್ದಲ್ಲ. ಜಾಗೀರು ಹೋದ ಮೇಲೆ ಹೈದರಾಬಾದಿನ ನವಾಬರೊಬ್ಬರು ಮಾರಿದ್ದ ಉದ್ದನೆಯ ಅಮೇರಿಕನ್ ಗಾಡಿ. ಮೆತ್ತನೆಯ ಸೀಟು, ಕಿಟಕಿಗೆ ರೇಶಿಮೆ ಪರದೆ, ಒಳಗೆ ಕೂತರೆ ಮನೆಯ ನಡುಮನೆಯಲ್ಲಿ ಕೂತಂತೆ. ಊರವರು ಅದಕ್ಕೆ ನವಾಬ್ ಗಾಡಿ ಎಂದೇ ಕರೆಯುತ್ತಿದ್ದರು. ಗಾಡಿಯ ಜೊತೆಗೇ ಅದರ ಡ್ರೈವರ್ ಅಮೀರ ಪಾಶಾನೂ ಬಂದಿದ್ದ. ಈಗ ಇಂಜಿನ್ ಸವೆದಿತ್ತು, ಸದ್ದು ಮಾಡದಿದ್ದರೂ ಪೆಟ್ರೋಲ್ ಬಹಳ ಕುಡಿಯುತ್ತಿತ್ತು. ಇದ್ದ ಇಂಜಿನ್ನನ್ನೇ ಬಿಚ್ಚಿ ರಿಪೇರಿ ಮಾಡಬೇಕು, ಇಲ್ಲವೇ ತೆಗೆದುಹಾಕಿ ಡೀಜಲ್ ಇಂಜಿನ್ ಕೂಡಿಸಬೇಕು ಎಂದು ಹೈದರಾಬಾದಿನ ಮಿಸ್ತ್ರಿ ಹೇಳಿ ಕಳಿಸಿದ್ದ.

"ಡೀಜಲ್ ಹಾಕಸ್ರಿ, ಕಣ್ಣು ಮುಚ್ಚಿ ಹಾಕಸ್ರಿ," ಎನ್ನುತ್ತಿದ್ದವನು ಭಾಲ್ಕಿಯ ಶಿವರಾಜಪ್ಪ, ಮನ್ಮಥಪ್ಪನ ಗೆಳೆಯ. ಅವನೂ ಇಂಥದೇ ಗಾಡಿಗೆ ಹೋದ ವರ್ಷ ಡೀಜಲ್ ಕೂಡಿಸಿದ್ದ. "ನಿಮ್ಮ ಗಾಡಿ ಹುಮನಾಬಾದ ಮುಟ್ಟೂದ್ರಾಗ ನನ್ನ ಗಾಡಿ ಅಷ್ಟೇ ಎಣ್ಣ್ಯಾಗ ಹೋಗಿ ಹೊಳ್ಳಿ ಬರ್ತದ. ಹಳ್ಳದ ನೀರಾಗ ಇಳೀರಿ, ನಿಂದ್ರಂಗಿಲ್ಲ. ಏರಿನ್ಯಾಗ ಎತ್ತಿನಂಗ ಎಳೀತದ."

"ಎತ್ತಿನಂಗೇ ಒದರ್ತದ್ರಿ," ಎನ್ನುತ್ತಿದ್ದ ಅಮೀರ ಪಾಶಾ ಬಾಗಿಲ ಹತ್ತಿರ ನಿಂತು. "ಮಾಲಕ್, ನವಾಬ್ ಸಾಬ್ ಇದೇ ಗಾಡ್ಯಾಗ ಕುಂತು ಚಾ ಕುಡೀತಿದ್ರು. ಒಂದ್ ಹನಿ ಚೆಲ್ತಿರ್ಲಿಲ್ಲ. ಡೀಜಲ್ ಹಾಕಿದ್ರ ಚಾ ಅಲ್ಲ, ಹೊಟ್ಟ್ಯಾಗಿಂದು ಸೈತ ಹೊರಗ ಬರ್ತದ. ಹೊಗಿ ಬ್ಯಾರೆ, ವಾಸನಿ ಬ್ಯಾರೆ. ಚಳಿಗಾಲದಾಗ ಮುಂಜಾನಿ ಚಾಲೂ ಆಗ್ಲಾಕ ಕೈ ಮುಗೀಬೇಕು."

ಮನ್ಮಥಪ್ಪ ಇಬ್ಬರ ಮಾತಿಗೂ ತಲೆ ಆಡಿಸುತ್ತಿದ್ದ. ಕೊನೆಗೆ, "ನೋಡೋಣು," ಎನ್ನುತ್ತಿದ್ದ. ಅವನು ಒಳ್ಳೆಯವನು. ಯಾರಿಗೂ ಎದುರು ಮಾತಾಡಿದವನಲ್ಲ, ಹೆಂಡತಿಗೆ ಗದರಿದವನಲ್ಲ. ಇಲ್ಲ ಎಂಬ ಮಾತೇ ಅವನ ಬಾಯಲ್ಲಿ ಬಂದಿರಲಿಲ್ಲ. ಹೂಂ ಎಂಬುದೂ ಬಂದಿರಲಿಲ್ಲ ಎಂಬುದನ್ನು ಮಾತ್ರ ಯಾರೂ ಅಷ್ಟಾಗಿ ಗಮನಿಸಿರಲಿಲ್ಲ.

ಪೆಟ್ರೋಲ್ ಇಂಜಿನ್ ಹೋದರೆ ರುಕ್ಮಿಣಿಬಾಯಿಯ ಗಂಟೇನು ಹೋಗುತ್ತಿತ್ತು ಎಂದು ನೀವು ಕೇಳಬಹುದು. ಹೇಳುತ್ತೇನೆ. ಆ ಮನೆಯಲ್ಲಿ ಸೊಸೆಯಾದವಳು ಅತ್ತೆಯ ಎದುರು ಗಂಡನ ಜೊತೆ ಮಾತಾಡುವ ಪದ್ಧತಿ ಇರಲಿಲ್ಲ. ಏನಾದರೂ ಬೇಕಾದರೆ ಮಗನ ಕೈಲಿ ಹೇಳಿ ಕಳಿಸಬೇಕು, ಇಲ್ಲವೇ ಗೋಡೆಗೆ ಹೇಳಿದಂತೆ ಹೇಳಬೇಕು. ಅತ್ತೆ ಭಾಗೀರಥಿಬಾಯಿ ಹಗಲೆಲ್ಲ ನಡುಮನೆಯ ಕಂಬಕ್ಕೆ ಒರಗಿ ಕೂತಿರುತ್ತಿದ್ದಳು, ಅವಳ ಕಣ್ಣು ತಪ್ಪಿಸಿ ಒಂದು ಲೋಟ ಕೂಡ ಅತ್ತಿಂದಿತ್ತ ಹೋಗುತ್ತಿರಲಿಲ್ಲ. ರಾತ್ರಿಯಂತೂ ಕೇಳಬೇಡಿ. ನಡುವೆ ಇದ್ದದ್ದು ಹಲಗೆಯ ಗೋಡೆ, ಆಚೆ ಮಗ್ಗುಲಲ್ಲಿ ಅತ್ತೆಯ ಕೆಮ್ಮು, ಈಚೆ ದಿಂಬಿಗೆ ತಲೆ ಕೊಟ್ಟೊಡನೆ ಗೊರಕೆ ಹೊಡೆಯುವ ಮನ್ಮಥಪ್ಪ.

ಉಳಿದದ್ದು ಕಾರು. ಮನ್ಮಥಪ್ಪ ಆಗಾಗ ಭಾಲ್ಕಿಯ ಪೇಟೆಗೆ ಹೋಗುವಾಗ ಅವಳನ್ನೂ ಕರೆದೊಯ್ದು ಖಟಕ ಚಿಂಚೋಳಿಯ ಅವಳ ತವರಿನಲ್ಲಿ ಬಿಡುತ್ತಿದ್ದ. ಅಷ್ಟು ದಾರಿಯುದ್ದ ಇಬ್ಬರೇ ಹಿಂದಿನ ಸೀಟಿನಲ್ಲಿ. ಪೆಟ್ರೋಲ್ ಇಂಜಿನ್ ಓಡುತ್ತಿದೆಯೋ ಇಲ್ಲವೋ ಎನ್ನುವ ಹಾಗೆ ಓಡುತ್ತಿತ್ತು. ಉಸಿರಿನಷ್ಟು ಮೆಲ್ಲಗೆ ಮಾತಾಡಿದರೂ ಒಬ್ಬರದೊಬ್ಬರಿಗೆ ಕೇಳಿಸುತ್ತಿತ್ತು, ಮುಂದೆ ಕೂತ ಅಮೀರ ಪಾಶಾ ಕೇಳಿದರೂ ಕೇಳದವನಂತೆ ರಸ್ತೆ ನೋಡುತ್ತಿದ್ದ. ಹೋದ ಮಳೆಗಾಲ ಹಳ್ಳದ ನಡುವೆ ಪ್ಲಗ್ಗಿಗೆ ನೀರು ಹೊಕ್ಕು ಗಾಡಿ ನಿಂತುಹೋಗಿತ್ತು. ಅಮೀರ ಪಾಶಾ ಒಂದೊಂದೇ ಪ್ಲಗ್ ಬಿಚ್ಚಿ ಒರೆಸಿ ಒಣಗಿಸುವವರೆಗೆ ಗಂಡ ಹೆಂಡತಿ ಸುತ್ತ ಹರಿಯುವ ಕೆಂಪು ನೀರು ನೋಡುತ್ತಾ ಕೂತು ಮಾತಾಡಿದ್ದರು. ಮದುವೆಯಾದ ಮೇಲೆ ಅವರಿಬ್ಬರೂ ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು. ಹಳ್ಳದಲ್ಲಿ ನಿಲ್ಲುವುದು ಪೆಟ್ರೋಲಿನ ದೊಡ್ಡ ಐಬು ಎಂದು ಶಿವರಾಜಪ್ಪ ಹೇಳಿದಾಗಲೆಲ್ಲ ಪರದೆಯ ಹಿಂದೆ ಅವಳಿಗೆ ಒಳಗೊಳಗೇ ನಗು ಬರುತ್ತಿತ್ತು.

ಈ ಸಲ ಅವಳಿಗೆ ಮಾತಾಡುವ ಅಗತ್ಯ ಎಂದಿಗಿಂತ ಹೆಚ್ಚಿತ್ತು.

ಹೊಸ ಸರಕಾರ ಊರಲ್ಲಿ ಹುಡುಗಿಯರಿಗೆ ಕನ್ನಡ ಸಾಲಿ ತೆಗೆದಿತ್ತು. ಮೈಸೂರು ಕಡೆಯಿಂದ ಬಂದ ದೊಡ್ಡಬಾಯಿ, ಅಂದರೆ ಸಾಲಿಯ ಮುಖ್ಯೋಪಾಧ್ಯಾಯಿನಿ, ಪಕ್ಕದ ಮನೆಯಲ್ಲೇ ಬಾಡಿಗೆಗಿದ್ದಳು. ಒಂದು ದಿನ ರುಕ್ಮಿಣಿಬಾಯಿ ಹಿತ್ತಲಲ್ಲಿ ನಿಂತು, ಬೆಲ್ಲ ಕಟ್ಟಿ ತಂದಿದ್ದ ಹಳೆಯ ಕನ್ನಡ ಪೇಪರು ಬಿಡಿಸಿ ಓದುತ್ತಿದ್ದದ್ದು ಆಕೆಯ ಕಣ್ಣಿಗೆ ಬಿತ್ತು.

"ನಿಮಗೆ ಕನ್ನಡ ಓದೋಕೆ ಬರುತ್ತಾ?" ಎಂದಳು ದೊಡ್ಡಬಾಯಿ ಗೋಡೆಯ ಆಚೆಯಿಂದ.

ಬರುತ್ತಿತ್ತು. ಸೋಲಾಪುರದ ಸೋದರಮಾವನ ಮನೆಯಲ್ಲಿದ್ದು ಕನ್ನಡ ಸಾಲಿಯಲ್ಲಿ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿದ್ದಳು. ಮದುವೆಯಾಗಿ ಬೀದರಕ್ಕೆ ಬಂದ ಮೇಲೆ ಊರಲ್ಲಿ ನಡೆಯುತ್ತಿದ್ದದ್ದು ಉರ್ದು, ಅಂಗಡಿಯಲ್ಲಿ ಬರೆಯುತ್ತಿದ್ದದ್ದು ಮರಾಠಿಯ ಮೋಡಿ ಲಿಪಿ. ಅವಳ ಕನ್ನಡ ಟ್ರಂಕಿನ ತಳದ ಧಾರೆ ಸೀರೆಯಂತೆ ಮಡಿಸಿ ಇಟ್ಟದ್ದು ಇಟ್ಟಹಾಗೇ ಇತ್ತು. ದೊಡ್ಡಬಾಯಿಗೆ ಸಣ್ಣ ಮಕ್ಕಳಿಗೆ ಅಕ್ಷರ ಕಲಿಸಲು ಈ ಊರಿನ ಮಾತು ಬಲ್ಲ ಹೆಣ್ಣುಮಗಳು ಬೇಕಾಗಿದ್ದಳು. "ನಮ್ಮ ಶಾಲೆಗೆ ಬನ್ರೀ," ಎಂದು ಗೋಡೆಯ ಮೇಲಿಂದಲೇ ಕರೆದಳು. ಮೊದಮೊದಲು ವಾರಕ್ಕೊಮ್ಮೆ ಕೇಳಿದಳು, ಆಮೇಲೆ ದಿನಾ ಕೇಳಿದಳು. ಕೊನೆಗೆ, "ಸೋಮವಾರ ಬರದೇ ಇದ್ರೆ ಧಾರವಾಡದಿಂದ ಬೇರೆಯವರನ್ನ ಕರೆಸ್ತೀನಿ," ಎಂದುಬಿಟ್ಟಳು.

ರುಕ್ಮಿಣಿಬಾಯಿ ಕಾರಿನಲ್ಲಿ ಈ ಮಾತು ಎತ್ತಿದಾಗಲೆಲ್ಲ ಮನ್ಮಥಪ್ಪ ಪ್ರೀತಿಯಿಂದಲೇ ಉತ್ತರಿಸಿದ್ದ. "ನನಗೇನೂ ಇಲ್ಲ ರುಕ್ಮಿಣಿ. ಅವ್ವ ಒಪ್ಪಬೇಕಲ್ಲ? ಕೇಳಿ ನೋಡ್ತೇನಿ." ಮುಂದಿನ ಸಲ, "ಅವ್ವನ ಮಾರಿ ನೋಡಿದ್ಯಲ್ಲ, ಒಪ್ಪಂಗಿಲ್ಲ ಆಕಿ." ಸೋದರಮಾವನ ಮನೆಯಲ್ಲಾದ ತಂಗಿಯ ಮದುವೆಗೆ ಸೋಲಾಪುರಕ್ಕೆ ಹೋಗಬೇಕೆಂದಾಗಲೂ ಹೀಗೇ ಆಗಿತ್ತು. ಮಕ್ಕಳಿಬ್ಬರಿಗೆ ಮನೆಯಲ್ಲಿ ಕನ್ನಡ ಕಲಿಸುತ್ತೇನೆಂದಾಗಲೂ ಹೀಗೇ. ಅವಳು ಪ್ರತಿ ಸಲ ಮನೆಗೆ ಬಂದು ಕಂಬಕ್ಕೆ ಒರಗಿದ ಅತ್ತೆಯನ್ನು ನೋಡಿ ಮನಸ್ಸಿನಲ್ಲೇ ಹಲ್ಲು ಕಡಿಯುತ್ತಿದ್ದಳು.

ಭಾನುವಾರ ಔರಾದಿನಲ್ಲಿ ತೊಟ್ಟಿಲ ಕಾರ್ಯ. ಭಾಗೀರಥಿಬಾಯಿಯ ತವರು ಅದು, ಅವಳ ಅಣ್ಣನ ಮೊಮ್ಮಗನಿಗೆ ಹೆಸರಿಡುವುದು. ಶಿವರಾಜಪ್ಪ ಒಂದು ಹಂಚಿಕೆ ಹಾಕಿದ. "ಭಾಲ್ಕಿ ತನಕ ನಿಮ್ಮ ಗಾಡ್ಯಾಗ ಬರ್ರಿ. ಅಲ್ಲಿಂದ ಔರಾದಕ್ಕ ನನ್ನ ಡೀಜಲ್ ಗಾಡಿ ಒಯ್ರಿ. ಒಂದೇ ದಿನ ಎರಡರಾಗೂ ಕುಂತ್ರ ಯಾವುದು ಛಲೋ ನಿಮಗೇ ತಿಳೀತದ." ಮನ್ಮಥಪ್ಪನಿಗೆ ಇದು ಹಿಡಿಸಿತು. ಯಾರೋ ಹೇಳುವ ಬದಲು ಗಾಡಿಗಳೇ ಹೇಳಿಬಿಟ್ಟರೆ ಅವನಿಗೂ ನೆಮ್ಮದಿ.

ಬೆಳಿಗ್ಗೆ ನವಾಬ್ ಗಾಡಿ ಹೊರಟಿತು. ಹಿಂದೆ ಕೂತರೆ ವಾಂತಿ ಬರುತ್ತದೆಂದು ಭಾಗೀರಥಿಬಾಯಿ ಮುಂದಿನ ಸೀಟಿನ ಕಿಟಕಿಯ ಕಡೆ ಕೂತಳು. ಮಕ್ಕಳನ್ನು ಓಣಿಯವರ ಬಳಿ ಬಿಟ್ಟಿದ್ದರು, ಹಿಂದೆ ಗಂಡ ಹೆಂಡತಿ. ಆವತ್ತು ಮೊದಲ ಬಾರಿಗೆ ಪೆಟ್ರೋಲ್ ಇಂಜಿನ್ನಿನ ಆ ಮೌನ ರುಕ್ಮಿಣಿಬಾಯಿಗೆ ವೈರಿಯಾಯಿತು. ಅವಳ ಬಳೆ ಸದ್ದಾದರೂ ಮುಂದೆ ಕೂತ ಅತ್ತೆ ಕತ್ತು ಹೊರಳಿಸುತ್ತಿದ್ದಳು. ಹಳ್ಳ ಬಂತು, ನೀರು ಕಡಿಮೆಯಿತ್ತು, ಗಾಡಿ ದಾಟಿತು. ಭಾಲ್ಕಿಯೂ ಬಂತು. ಒಂದು ಮಾತೂ ಆಗಲಿಲ್ಲ. ನಾಳೆ ಸೋಮವಾರ ಎಂಬುದೊಂದೇ ಅವಳ ತಲೆಯಲ್ಲಿ ಸುತ್ತುತ್ತಿತ್ತು.

ಭಾಲ್ಕಿಯಲ್ಲಿ ಗಾಡಿ ಬದಲಾಯಿತು. ಶಿವರಾಜಪ್ಪನ ಡೀಜಲ್ ಗಾಡಿಯೂ ಹೊರಗಿನಿಂದ ನೋಡಲು ರಾಜನಂತೆಯೇ ಇತ್ತು. ಅಮೀರ ಪಾಶಾ ಮೂಗು ಮುರಿಯುತ್ತಾ ಚಾಲೂ ಮಾಡಿದ. ಒಳಗೆ ಯಾರೋ ಹತ್ತಾರು ಒರಳಲ್ಲಿ ಒಟ್ಟಿಗೆ ಜೋಳ ಕುಟ್ಟಿದ ಹಾಗೆ ಸದ್ದೆದ್ದಿತು. ಸೀಟು ನಡುಗಿತು, ಕಿಟಕಿ ನಡುಗಿತು, ಭಾಗೀರಥಿಬಾಯಿಯ ಗದ್ದವೂ ನಡುಗಿತು. ಅವಳು ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡು ಗಟ್ಟಿಯಾಗಿ ಮುಚ್ಚಿಕೊಂಡಳು.

ರುಕ್ಮಿಣಿಬಾಯಿ ಅದನ್ನು ನೋಡಿದಳು. ಅತ್ತೆಗೆ ಏನೂ ಕೇಳಿಸುತ್ತಿಲ್ಲ! ಮೆಲ್ಲಗೆ ಗಂಡನ ಕಡೆ ವಾಲಿ, "ನಾಳಿ ಸೋಮವಾರ ಅದರಿ," ಎಂದಳು.

"ಆಂ?" ಎಂದ ಮನ್ಮಥಪ್ಪ.

"ಸಾಲಿ ಮಾತು! ನಾಳಿ ಹೇಳ್ಬೇಕು!"

"ಕೇಳಸವಲ್ದು!" ಎಂದು ಅವನು ಕೈ ಆಡಿಸಿದ. ಕೇಳಿಸುತ್ತಿರಲಿಲ್ಲವೋ, ಕೇಳಿಸಿಕೊಳ್ಳುವ ಮನಸ್ಸಿರಲಿಲ್ಲವೋ, ಶಿವನೇ ಬಲ್ಲ. ಆದರೆ ಅವನ ಮುಖದಲ್ಲಿ ಒಂದು ಸಣ್ಣ ನಿರಾಳ ಕಂಡಿತು, ಅದು ಅವಳ ಕಣ್ಣಿಗೆ ಬಿತ್ತು. ಡೀಜಲ್ ಇಂಜಿನ್ ಅವನಿಗೆ ಒಗ್ಗತೊಡಗಿತ್ತು.

ದಾರಿ ಸವೆಯುತ್ತಿತ್ತು. ಅವಳು ಮತ್ತೆ ಹೇಳಿದಳು, ಅವನು ಮತ್ತೆ ಆಂ ಎಂದ. ದನಿ ಏರಿಸಿದಳು. ಅವನು ಕಿಟಕಿಯಾಚೆ ಉದ್ದಿನ ಹೊಲ ತೋರಿಸಿದ. ಇಷ್ಟು ವರ್ಷ ಉಸಿರಿನಲ್ಲಿ ಆಡಿದ ಮಾತುಗಳೆಲ್ಲ ಅವಳ ಗಂಟಲಿಗೆ ಬಂದು ಕೂತವು. ಕಿಟಕಿಗೆ ಬೆನ್ನು ಹಾಕಿ, ತಲೆಯ ಸೆರಗು ಮುಂದೆಳೆದುಕೊಂಡು, ಗಂಡನ ಕಿವಿಗೆ ಬಾಯಿ ಹಚ್ಚಿ ಕೂಗತೊಡಗಿದಳು. ಗಾಡಿ ಔರಾದಿನ ಓಣಿ ಹೊಕ್ಕದ್ದು ಅವಳಿಗೆ ಕಾಣಲಿಲ್ಲ. ಮನೆ ಬಂದದ್ದು, ಆರತಿ ತಟ್ಟೆ ಹಿಡಿದು ಹೆಂಗಸರು ಬಾಗಿಲಲ್ಲಿ ನಿಂತದ್ದು, ಯಾವುದೂ ಕಾಣಲಿಲ್ಲ. ಅಮೀರ ಪಾಶಾ ಇಂಜಿನ್ ಬಂದ್ ಮಾಡಿದ.

"...ನಿಮ್ಮವ್ವಗ ಅಂಜಿ ಅಂಜಿ ನನ್ನ ಜನ್ಮ ಹೋಯ್ತು! ಇನ್ನ ಅಂಜಂಗಿಲ್ಲ! ನಾ ಸಾಲಿಗಿ ಹೋಗಾಕಿನೇ!"

ಅಷ್ಟು ಗದ್ದಲದ ನಂತರ ಬಿದ್ದ ಮೌನದಲ್ಲಿ ಆ ಮಾತು ಓಣಿಯ ಆ ತುದಿಯವರೆಗೆ ಹೋಯಿತು. ಆರತಿ ಹಿಡಿದವಳ ಕೈ ಅಲ್ಲೇ ನಿಂತಿತು. ಮನ್ಮಥಪ್ಪ ತನ್ನ ಚಪ್ಪಲಿ ನೋಡುತ್ತಾ ಕೂತ. ಅಮೀರ ಪಾಶಾ ಸ್ಟೇರಿಂಗಿನ ಮೇಲೆ ಇಲ್ಲದ ಧೂಳು ಒರೆಸಿದ. ರುಕ್ಮಿಣಿಬಾಯಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಭಾಗೀರಥಿಬಾಯಿ ಕಿವಿಯ ಮೇಲಿನ ಸೆರಗು ಸರಿಸಿದಳು. ಹಿಂದಕ್ಕೆ ತಿರುಗಿ ಸೊಸೆಯನ್ನು ಒಮ್ಮೆ ನೋಡಿದಳು, ಮಗನನ್ನು ಇನ್ನೂ ಸ್ವಲ್ಪ ಹೆಚ್ಚು ಹೊತ್ತು ನೋಡಿದಳು. "ಇಳೀರಿ, ತೊಟ್ಟಿಲ ಹೊತ್ತು ಮೀರ್ತದ," ಎಂದಳು, ಅಷ್ಟೇ.

ದಿನವೆಲ್ಲ ಅಷ್ಟೇ. ತೊಟ್ಟಿಲು ತೂಗಿದರು, ಕೂಸಿನ ಕಿವಿಯಲ್ಲಿ ಹೆಸರು ಹೇಳಿದರು, ಹೋಳಿಗೆ ಬಡಿಸಿದರು. ಹೆಂಗಸರು ಮೂಲೆಯಲ್ಲಿ ಪಿಸುಗುಟ್ಟಿ ಅವಳತ್ತ ನೋಡಿದರು. ಅತ್ತೆ ಮಾತ್ರ ಅಣ್ಣನ ಜೊತೆ ಮಳೆ ಬೆಳೆ ಮಾತಾಡುತ್ತಾ ಏನೂ ಆಗದವಳಂತೆ ಕೂತಿದ್ದಳು. ಬೈದಿದ್ದರೆ ಒಳ್ಳೆಯದಿತ್ತು ಎನಿಸಿತು ರುಕ್ಮಿಣಿಬಾಯಿಗೆ.

ಹೊರಡುವಾಗ ಭಾಗೀರಥಿಬಾಯಿ ಗಾಡಿಯ ಹಿಂದಿನ ಬಾಗಿಲಿಗೆ ಹೋದಳು. "ನೀ ಮುಂದ ಕುಂದ್ರು," ಎಂದಳು ಮಗನಿಗೆ.

"ಅವ್ವಾ, ನಿನಗ ವಾಂತಿ..."

"ಬಂದ್ರ ಬರಲಿ."

ಇಂಜಿನ್ ಒದರತೊಡಗಿತು. ಊರು ದಾಟಿದ ಮೇಲೆ ಅತ್ತೆ ಸೊಸೆಯ ಕಡೆ ವಾಲಿದಳು.

"ಯಾವ ಸಾಲಿ?"

"ಏನ್ರಿ ಅತ್ತಿ?"

"ಯಾವ ಸಾಲಿ ಅಂತ ಕೇಳ್ಲತ್ತೀನಿ! ಜೋರ್ಲೆ ಹೇಳು! ಮುಂಜಾನಿ ಹೇಳಿದ್ಯಲ್ಲ, ಹಂಗೇ ಹೇಳು!"

ರುಕ್ಮಿಣಿಬಾಯಿ ಮೊದಲು ಅಳುಕಿದಳು. ಆದರೆ ಡೀಜಲ್ ಗಾಡಿಯಲ್ಲಿ ಅಳುಕಿ ಮಾತಾಡಲು ಬರುವುದಿಲ್ಲ. "ಹೊಸಾ ಕನ್ನಡ ಸಾಲಿರಿ! ಹುಡುಗ್ಯಾರದು!"

"ಗಂಡು ಮಾಸ್ತರು ಎಷ್ಟು ಮಂದಿ ಅದಾರ?"

"ಒಬ್ರೂ ಇಲ್ರಿ!"

"ನಿನಗ ಕಲಸ್ಲಾಕ ಬರ್ತದೇನು?"

"ಬರ್ತದ್ರಿ! ಸೋಲಾಪುರದಾಗ ಪಾಸಾಗೀನ್ರಿ!"

"ಇಷ್ಟು ವರ್ಷ ನನ್ನ ಮನ್ಯಾಗ ಇದ್ದಿ, ನನಗ್ಯಾಕ ಗೊತ್ತಿಲ್ಲ?"

ರುಕ್ಮಿಣಿಬಾಯಿ ಮುಂದೆ ಕೂತ ಗಂಡನ ಕಡೆ ನೋಡಿದಳು. ಭಾಗೀರಥಿಬಾಯಿಯೂ ಅತ್ತಲೇ ನೋಡಿದಳು. ಮತ್ತೆ ವಾಲಿ, "ರೊಟ್ಟಿ ಬಡದು ಹೋಗ್ಬೇಕು! ತಲಿ ಮ್ಯಾಲಿನ ಸೆರಗು ಜಾರಬಾರ್ದು! ಒಂದ್ ನಾಕ್ ದಿನ ನೋಡ್ತೀನಿ, ಸರಿ ಬರ್ಲಿಲ್ಲಂದ್ರ ಬಿಡಸ್ತೀನಿ!" ಎಂದು ಕೂಗಿದಳು. ಹೋಗು ಎಂದು ಅವಳು ಬಾಯಿಬಿಟ್ಟು ಹೇಳಲಿಲ್ಲ. ಅದರ ಅಗತ್ಯವೂ ಇರಲಿಲ್ಲ. ರುಕ್ಮಿಣಿಬಾಯಿಗೆ ಕಣ್ಣು ತುಂಬಿ ಬಂತು, ಡೀಜಲ್ ಹೊಗೆಯ ನೆಪದಲ್ಲಿ ಒರೆಸಿಕೊಂಡಳು.

ಭಾಲ್ಕಿಯಲ್ಲಿ ಮತ್ತೆ ತಮ್ಮ ಗಾಡಿ ಹತ್ತಿದರು. ಅತ್ತೆ ಈಗಲೂ ಹಿಂದೆಯೇ ಕೂತಳು, ಮನ್ಮಥಪ್ಪ ಮುಂದೆ. ಪೆಟ್ರೋಲ್ ಇಂಜಿನ್ ಸದ್ದಿಲ್ಲದೆ ಓಡತೊಡಗಿದಾಗ ಎಲ್ಲರ ಕಿವಿಗೂ ತಣ್ಣೀರು ಹಾಕಿದಂತಾಯಿತು. ಅಮೀರ ಪಾಶಾನ ಮುಖ ಅರಳಿತು.

"ಮನ್ಮಥಾ," ಎಂದಳು ಭಾಗೀರಥಿಬಾಯಿ, ಮಾಮೂಲಿ ದನಿಯಲ್ಲಿ. "ಸಾಲಿ ಮಾತು ನೀ ನನ್ನ ಮುಂದ ಯಾವಾಗ ತೆಗದಿದ್ದಿ?"

ಮನ್ಮಥಪ್ಪ ತಲೆಯ ಟೋಪಿ ತೆಗೆದು ಮತ್ತೆ ಇಟ್ಟುಕೊಂಡ.

"ನಾ ಬ್ಯಾಡ ಅಂದೀನೇನು?"

"ನೀ ಬ್ಯಾಡ ಅಂತಿದ್ದಿ ಅವ್ವಾ..."

"ಅಂತಿದ್ದೆ," ಎಂದಳು ಮುದುಕಿ. "ಕೇಳಿದ್ರ ಬ್ಯಾಡ ಅಂತಲೇ ಅಂತಿದ್ದೆ. ಆಕಿ ನನ್ನ ಕೂಡ ಜಗಳ ತೆಗೀತಿದ್ದಳು, ನಾನೂ ಜಗಳ ತೆಗೀತಿದ್ದೆ. ಇವತ್ತ ಆಗಲಿಲ್ಲೇನು ಹಂಗ? ಆವಾಗೂ ಏನರೆ ಒಂದು ಆಗ್ತಿತ್ತು. ನೀ ನಮ್ಮಿಬ್ರಿಗಿ ಒಂದ್ ಜಗಳ ಸೈತ ಕೊಡ್ಲಿಲ್ಲಲ್ಲೋ."

ರುಕ್ಮಿಣಿಬಾಯಿ ಅತ್ತೆಯ ಕಡೆ ತಿರುಗಿ, "ನಮ್ಮ ತಂಗಿ ಲಗ್ನಕ್ಕ ಕಳಸಂಗಿಲ್ಲ ಅಂದಿದ್ರೇನ್ರಿ?" ಎಂದು ಕೇಳಿದಳು. ಕೇಳುವಾಗ ಅವಳಿಗೆ ಉತ್ತರ ಗೊತ್ತಾಗಿಹೋಗಿತ್ತು.

"ಯಾವ ಲಗ್ನ?" ಎಂದಳು ಭಾಗೀರಥಿಬಾಯಿ.

ರುಕ್ಮಿಣಿಬಾಯಿಗೆ ಅಳುವೂ ಬಂತು, ಸಿಟ್ಟೂ ಬಂತು. ಆಡದ ಮಾತಿಗಾಗಿ ಈ ಮುದುಕಿಯನ್ನು ಎಷ್ಟು ವರ್ಷ ಮನಸ್ಸಿನಲ್ಲೇ ಶಪಿಸಿದ್ದಳು! ಈ ಮೆತ್ತನೆಯ ಸೀಟಿನಲ್ಲಿ, ಈ ಮೌನದಲ್ಲಿ, ತನ್ನ ಮಾತು ಒಬ್ಬನ ಕಿವಿಗೆ ಹೋಗಿ ಅಲ್ಲಿಯೇ ಕಾಲು ಚಾಚಿ ಮಲಗಿಬಿಡುತ್ತಿತ್ತು. ಅದನ್ನೇ ಅವಳು ಸುಖವೆಂದು ತಿಳಿದಿದ್ದಳು. ಮುಂದೆ ಕೂತ ಗಂಡನ ಬಗ್ಗಿದ ಕತ್ತು ನೋಡಿ ಅವಳಿಗೆ ಕನಿಕರವೂ ಆಯಿತು. ಕೆಟ್ಟವನಲ್ಲ ಅವನು. ಹೆದರಿದವನು, ಅಷ್ಟೇ. ಆದರೆ ಅವನ ಹೆದರಿಕೆಗೆ ತೆತ್ತವಳು ತಾನು.

ಹಳ್ಳ ಹತ್ತಿರ ಬಂತು. ಮಧ್ಯಾಹ್ನದ ಮಳೆಗೆ ನೀರು ಏರಿತ್ತು. ಅಮೀರ ಪಾಶಾ ಗಾಡಿ ನಿಧಾನ ಮಾಡಿ ನೀರಿನ ಆಳ ಅಳೆದ. ಹೇಗಾದರೂ ಮಾತು ಬದಲಾಗಲಿ ಎಂಬಂತೆ ಮನ್ಮಥಪ್ಪ ಗಂಟಲು ಸರಿಮಾಡಿಕೊಂಡ.

"ಶಿವರಾಜಪ್ಪ ನಾಳಿ ಕೇಳ್ತಾನ. ಇಂಜಿನ್ನಿಂದು ಏನ್ ಮಾಡೋಣು ಅವ್ವಾ?"

"ನನ್ನ ಯಾಕ ಕೇಳ್ತಿ? ಕುಂತಾಳಲ್ಲ ಇಲ್ಲಿ, ಆಕಿನ ಕೇಳು. ನನ್ನ ಮುಂದೇ ಕೇಳು."

ಮನ್ಮಥಪ್ಪ ಮೊದಲ ಬಾರಿಗೆ ತಾಯಿಯ ಎದುರು ಹೆಂಡತಿಯ ಕಡೆ ತಿರುಗಿದ. ಅವನ ಕಣ್ಣು ಕೇಳುತ್ತಿದ್ದದ್ದು ಇಂಜಿನ್ನಿನ ಮಾತಲ್ಲ, ಇಬ್ಬರೇ ಮೆಲ್ಲಗೆ ಮಾತಾಡುತ್ತಿದ್ದದ್ದು ಇನ್ನು ಬೇಡವೇ ಎಂದು. ಗಾಡಿಯ ಮುಂದಿನ ಚಕ್ರ ನೀರಿಗೆ ಇಳಿಯಿತು. ಹೋದ ವರ್ಷ ಪ್ಲಗ್ಗಿಗೆ ನೀರು ಹೊಕ್ಕು ನಿಂತದ್ದು ಇದೇ ಜಾಗದಲ್ಲಿ. ಆವತ್ತಿನ ಸುಖ ಸುಳ್ಳಾಗಿರಲಿಲ್ಲ, ಅವಳಿಗೆ ಅದು ಗೊತ್ತಿತ್ತು. ಅದು ಹೋದರೂ ಸರಿ, ತನ್ನ ಮಾತು ಇನ್ನು ಒಬ್ಬನ ಕಿವಿಯಲ್ಲೇ ಉಳಿಯುವುದು ಅವಳಿಗೆ ಬೇಡವಾಗಿತ್ತು.

"ಡೀಜಲ್ ಹಾಕಸ್ರಿ," ಎಂದಳು ರುಕ್ಮಿಣಿಬಾಯಿ.

ದನಿ ಏರಿಸಬೇಕಾಗಿರಲಿಲ್ಲ. ಗಾಡಿ ಸದ್ದಿಲ್ಲದೆ ಹಳ್ಳ ದಾಟುತ್ತಿತ್ತು, ಮಾತು ಎಲ್ಲರಿಗೂ ಕೇಳಿಸಿತು.